ಕೊನೆಯ ಹಾಳೆಯ ತಾರೀಖು

ಸೈಟಿನಲ್ಲಿ ಪಾಯಕ್ಕೆ ಸುಣ್ಣದ ಗೆರೆ ಎಳೆದ ಮೇಲೆ ಅವರು ಆ ಗೆರೆಯನ್ನು ಅಡ್ಡ ದಾಟಿದ್ದನ್ನು ನಾನು ನೋಡಿಲ್ಲ. ಸುತ್ತು ಹಾಕಿಕೊಂಡು ಬಂದು, ನಕ್ಷೆಯಲ್ಲಿ ಬಾಗಿಲು ಎಲ್ಲಿದೆಯೋ ಅಲ್ಲಿಂದಲೇ ಒಳಗೆ ಕಾಲಿಡುತ್ತಿದ್ದರು. ಒಳಗೆ ಅಂದರೇನು, ಬರೀ ಬಯಲು. ಹೊಸ ಮೇಸ್ತ್ರಿಗಳು ನಗುತ್ತಿದ್ದರು. ಒಮ್ಮೆ ಹಿರಿಯೂರಿನ ಒಂದು ಸೈಟಿನಲ್ಲಿ ಮನೆ ಕಟ್ಟಿಸುವ ಯಜಮಾನರು ಬಿಸಿಲು ತಾಳಲಾರದೆ ಗೆರೆ ದಾಟಿ ನೇರ ನಮ್ಮ ಕಡೆ ಬಂದರು. ಇವರು ಕೈ ಅಡ್ಡ ಹಿಡಿದು, "ಅದು ನಿಮ್ಮ ಅಡುಗೆಮನೆ ಗೋಡೆ ಸ್ವಾಮಿ. ಗೋಡೆಯೊಳಗಿಂದ ಬರಬ್ಯಾಡ್ರಿ, ಬಾಗಿಲಿಂದ ಬರ್ರಿ" ಅಂದರು. ತಮಾಷೆ ಮಾಡುತ್ತಿದ್ದಾರೇನೋ ಎಂದು ಯಜಮಾನರು ಅವರ ಮುಖ ನೋಡಿದರು. ತಮಾಷೆಯ ಸುಳಿವು ಕಾಣಲಿಲ್ಲ. ಹಿಂದೆ ಹೋಗಿ ಬಾಗಿಲಿನಿಂದಲೇ ಬಂದರು.

ಹೋದ ಚಳಿಗಾಲ ಅವರು ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ತಮ್ಮ ಹೆಸರಿನ ಬೋರ್ಡು ಬರೆಸಲೂ ಸಂಕೋಚಪಟ್ಟವರು. ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯಲ್ಲಿ ಒಂದು ಕಬ್ಬಿಣದ ಅಂಗಡಿಯ ಮೇಲೆ ಎರಡು ಕೋಣೆಯ ಆಫೀಸು ಇಟ್ಟುಕೊಂಡು, ಮನೆ, ಶಾಲೆ, ಮಂಟಪಗಳ ನಕ್ಷೆ ಬರೆದುಕೊಡುತ್ತಿದ್ದ ಇಂಜಿನಿಯರು. ಊರು ತುರುವನೂರು. ಹನ್ನೊಂದು ವರ್ಷ ಅವರ ಕೈಕೆಳಗೆ ನಕ್ಷೆ ಬರೆದವಳು ನಾನು. ಅವರಿಗೆ ನಾನು ಮೊದಲ ದಿನದಿಂದ ಕೊನೆಯವರೆಗೆ 'ಸಾರ್' ಅಂದೆ, ಇಲ್ಲಿಯೂ ಅದೇ ಇರಲಿ.

ಕೆಲಸ ಕೇಳಿಕೊಂಡು ಹೋದಾಗ ನನ್ನ ಡಿಪ್ಲೊಮಾ ಸರ್ಟಿಫಿಕೇಟನ್ನು ಅವರು ತೆರೆದು ನೋಡಲಿಲ್ಲ. ಒಂದು ಹಾಳೆ, ಒಂದು ಪೆನ್ಸಿಲು ಮುಂದಿಟ್ಟು, "ನಿಮ್ಮ ತಾಯಿಯವರ ಅಡುಗೆಮನೆ ಬರೀರಿ" ಅಂದರು. ಬರೆದುಕೊಟ್ಟೆ. ಬಹಳ ಹೊತ್ತು ನೋಡಿ ಕೇಳಿದರು:

"ಒಲೆ ಮುಂದೆ ಕುಂತ್ರೆ ನಿಮ್ಮ ತಾಯಿಗೆ ಬೀದಿ ಕಾಣ್ತೈತಾ?"

"ಇಲ್ಲ ಸಾರ್."

"ಹಂಗಾರೆ ಯಾರು ಬಂದ್ರು ಅಂತ ಹೆಂಗೆ ಗೊತ್ತಾಗ್ತೈತೆ?"

"ಚಪ್ಪಲಿ ಬಿಡೋ ಸದ್ದಿಂದ ಹೇಳ್ತಾಳೆ ಸಾರ್."

"ನಾಳೆಯಿಂದ ಬರ್ರಿ" ಅಂದರು.

ಆಗ ನನಗೆ ಮದುವೆಯಾಗಿ ತಾಳ್ಯಕ್ಕೆ ಬಂದು ಎರಡು ವರ್ಷ. ಮಗಳು ಇನ್ನೂ ಹುಟ್ಟಿರಲಿಲ್ಲ. ದಿನಾ ತಾಳ್ಯದಿಂದ ಬಸ್ಸಿನಲ್ಲಿ ಬರುತ್ತಿದ್ದೆ, ಸಂಜೆ ಐದೂಕಾಲಿನ ಬಸ್ಸಿಗೆ ಹೊರಡುತ್ತಿದ್ದೆ. ಐದು ಗಂಟೆಯಾಯಿತೆಂದರೆ ನನಗಿಂತ ಮೊದಲು ಅವರಿಗೆ ಚಡಪಡಿಕೆ. "ಹೋಗವ್ವ, ಬಸ್ಸು ತಪ್ಪತೈತೆ" ಎಂದು ಅರ್ಧ ಎಳೆದ ಗೆರೆಯಲ್ಲೇ ಎಬ್ಬಿಸಿಬಿಡುತ್ತಿದ್ದರು. ಬಹುವಚನದಲ್ಲಿ ಕರೆಯುತ್ತಿದ್ದವರು ಆರು ತಿಂಗಳಲ್ಲಿ 'ಅವ್ವ' ಅನ್ನತೊಡಗಿದ್ದರು.

ಶಾಂತ ಸ್ವಭಾವದವರೆಂದು ಹೇಳಿದರೆ ಸುಳ್ಳಾಗುತ್ತದೆ. ಅಳತೆಪಟ್ಟಿಯ ಮೇಲೆ ಚಹಾದ ಕಲೆ ಕಂಡರೆ ಮಧ್ಯಾಹ್ನದವರೆಗೆ ಮಾತು ಬಿಡುತ್ತಿದ್ದರು. ಕಂಬಿ ಕಟ್ಟುವುದರಲ್ಲಿ ಕಳ್ಳತನ ಮಾಡಿದ ಕಂಟ್ರಾಕ್ಟರನನ್ನು ಲಕ್ಷ್ಮೀ ಬಜಾರಿನ ನಡುರಸ್ತೆಯಲ್ಲಿ ನಿಲ್ಲಿಸಿ ಬೈದದ್ದನ್ನು ಕಂಡಿದ್ದೇನೆ. ಕಂಪ್ಯೂಟರನ್ನು ಅವರು ಕೊನೆಗೂ ಕಲಿಯಲಿಲ್ಲ. ನನ್ನ ಬೆನ್ನ ಹಿಂದೆ ನಿಂತು, ಲವಂಗ ಅಗಿಯುತ್ತಾ, "ಇನ್ನೊಂದು ಅಂಗುಲ ಎಡಕ್ಕೆ. ಇನ್ನೊಂದು ಸ್ವಲ್ಪ. ಹಾಂ, ಈಗ ಉಸಿರಾಡ್ತು ನೋಡು ಕೋಣೆ" ಅನ್ನುತ್ತಿದ್ದರು. ಅವರ ಪ್ರಕಾರ ಗೋಡೆ ಎಬ್ಬಿಸುವುದು ಯಾರಿಗೂ ಬರುತ್ತದೆ, ಬಾಗಿಲು ಎಲ್ಲಿಡಬೇಕು ಅನ್ನುವುದೇ ವಿದ್ಯೆ.

ತಮ್ಮ ತಪ್ಪಿನ ವಿಷಯದಲ್ಲಿ ಅವರು ಹೇಗಿದ್ದರು ಅನ್ನುವುದಕ್ಕೆ ಒಂದು ಸಂಗತಿ ಹೇಳಬೇಕು. ಹೊರಕೆರೆದೇವಪುರದಲ್ಲಿ ಒಬ್ಬ ಮೇಷ್ಟರ ಮನೆ ಕಟ್ಟಿಸಿದ್ದೆವು. ಗೃಹಪ್ರವೇಶದ ದಿನ ಮಹಡಿ ಮೆಟ್ಟಿಲು ಹತ್ತುವಾಗ ಸಾರ್ ತಲೆ ತೊಲೆಗೆ ತಗುಲಿತು. ಎತ್ತರ ನಾಲ್ಕು ಅಂಗುಲ ಕಡಿಮೆಯಾಗಿತ್ತು. ಮೇಷ್ಟರಿಗೆ ಅದು ಗೊತ್ತೇ ಇರಲಿಲ್ಲ. ಇವರೇ ಅವರನ್ನು ಕರೆದು, "ಇದು ನನ್ನ ತಪ್ಪು, ಒಡೆದು ಕಟ್ಟಿಸಿಕೊಡ್ತೀನಿ" ಅಂದರು. ಹಬ್ಬದ ಮನೆಯಲ್ಲಿ ಒಡೆಯುವ ಮಾತು ಯಾಕೆಂದು ಮೇಷ್ಟರಿಗೆ ಕಸಿವಿಸಿ.

"ಇರ್ಲಿ ಬಿಡ್ರಿ ಸಾರ್, ತಲೆ ಬಗ್ಗಿಸ್ಕಂಡು ಹತ್ತಿದ್ರಾಯ್ತು."

"ನೀವು ಬಗ್ಗಿಸ್ತೀರಿ. ನಿಮಗೆ ರೂಢಿ ಆಗ್ತೈತೆ. ಮನೆಗೆ ಬಂದ ನೆಂಟ್ರು ಬಗ್ಗಿಸ್ತಾರಾ?"

ಮುಂದಿನ ವಾರವೇ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ಸ್ವಂತ ಖರ್ಚಿನಲ್ಲಿ ಸರಿಮಾಡಿಸಿದರು. ಆ ಕೆಲಸಕ್ಕೆ ಬಂದ ಫೀಸಿಗಿಂತ ಅದು ಹೆಚ್ಚಾಯಿತು. ನಾನು ಗೊಣಗಿದೆ. ಅವರಿಗೆ ಕೇಳಿಸಿತು, ಕೇಳಿಸದವರಂತೆ ಇದ್ದರು.

ಫೀಸು ಕೇಳುವುದು ಅವರಿಂದ ಆಗುತ್ತಿರಲಿಲ್ಲ. "ನಿಮ್ಮದು ಎಷ್ಟಾಯ್ತು ಸಾರ್?" ಎಂದು ಯಾರಾದರೂ ಕೇಳಿದರೆ ಪರೀಕ್ಷೆಯಲ್ಲಿ ಉತ್ತರ ಹೊಳೆಯದ ಹುಡುಗನ ಹಾಗೆ ಕಿಟಕಿಯಾಚೆ ನೋಡುತ್ತಿದ್ದರು. ಹಾಗಾಗಿ ಬಿಲ್ಲು ಬರೆಯುವುದು, ಜ್ಞಾಪಿಸುವುದು, ಫೋನು ಮಾಡುವುದು ಎಲ್ಲಾ ನನ್ನ ಪಾಲಿಗೆ ಬಂತು. ಅದರ ಜೊತೆ ಇನ್ನೊಂದು ಕೆಲಸವೂ ಇತ್ತು. ಯಾವ ನಕ್ಷೆಯ ಯಾವ ಹಾಳೆ ಯಾವ ದಿನ ಯಾರ ಕೈಗೆ ಕೊಟ್ಟೆವು ಎಂದು ಬರೆದಿಡುವ ಉದ್ದನೆಯ ರಿಜಿಸ್ಟರು. ಅದನ್ನು ಬರೆಯುತ್ತಿದ್ದವಳು ನಾನೊಬ್ಬಳೇ.

ಹೊಸದುರ್ಗದ ಕೊಬ್ಬರಿ ವ್ಯಾಪಾರಿಯೊಬ್ಬರು ಬಂದದ್ದು ನಾನು ಸೇರಿದ ಏಳನೇ ವರ್ಷ. ಊರ ಹೊರಗಿನ ತಮ್ಮ ಜಾಗದಲ್ಲಿ ದೊಡ್ಡ ಕಲ್ಯಾಣ ಮಂಟಪ, ಮೇಲೆ ಉಳಿದುಕೊಳ್ಳುವ ಕೋಣೆಗಳು, ಹಿಂದೆ ಸಾವಿರ ಜನ ಕೂತು ಉಣ್ಣುವ ಊಟದ ಹಾಲು ಬೇಕೆಂದರು. ಸಾರ್ ಜೀವನದಲ್ಲಿ ಅಷ್ಟು ದೊಡ್ಡ ಕೆಲಸ ಬಂದಿರಲಿಲ್ಲ. ಜಾಗ ನೋಡಲು ಹೋದವರು ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಕಲ್ಲಿನ ಮೇಲೆ ಕೂತೇ ಇದ್ದರು. ಸುತ್ತ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಯಾವ ಹೊತ್ತಿಗೆ ಯಾವ ಕಡೆಯಿಂದ ಗಾಳಿ ಬರುತ್ತದೆಂದು ಒಂದು ಚೀಟಿಯಲ್ಲಿ ಬರೆದುಕೊಂಡರು. "ಉಣ್ಣೋಕೆ ಕುಂತೋರು ಬೆವರಬಾರ್ದವ್ವ. ಬೀಗರು ಬೆವರಿದ್ರೆ ಜಗಳ ಆಗ್ತೈತೆ" ಅಂದರು.

ಸುಮಾರು ಎರಡು ವರ್ಷ ಆ ನಕ್ಷೆಗಳನ್ನು ಬರೆದೆವು. ಮುಂಭಾಗ ಏಳು ಸಲ ಬದಲಾಯಿತು. ಕಂಬ, ತೊಲೆಗಳ ಲೆಕ್ಕ ಹಾಕಿಕೊಡಲು ಸಾರ್ ದಾವಣಗೆರೆಯ ಇನ್ನೊಬ್ಬ ಇಂಜಿನಿಯರನ್ನು ಗೊತ್ತು ಮಾಡಿದರು. ಅವರ ಹಣ ಸಾರ್ ಕೊಡಬೇಕು, ಸಾರ್ ಹಣ ವ್ಯಾಪಾರಿ ಕೊಡಬೇಕು. ಹೀಗೆ ಒಂದು ಪತ್ರದಲ್ಲಿ ಬರೆದುಕೊಂಡಿದ್ದರು. ಎಷ್ಟು ಅನ್ನುವುದು ಅದರಲ್ಲಿತ್ತು, ಯಾವಾಗ ಅನ್ನುವುದು ಇರಲಿಲ್ಲ. ಮುಂಗಡವಾಗಿ ಸ್ವಲ್ಪ ಬಂತು. ಉಳಿದದ್ದಕ್ಕೆ ಫೋನು ಮಾಡಿದಾಗಲೆಲ್ಲ ವ್ಯಾಪಾರಿ ನಗುನಗುತ್ತಾ, "ಕಟ್ಟಡ ಮುಗೀಲಿ ತಾಯಿ, ಒಟ್ಟಿಗೆ ಕೊಟ್ಬಿಡ್ತೀನಿ. ನಾನೇನು ಊರು ಬಿಟ್ಟು ಓಡಿ ಹೋಗ್ತೀನಾ?" ಅನ್ನುತ್ತಿದ್ದರು. ಕಟ್ಟಡ ನಿಂತಿತು, ಮತ್ತೆ ಎದ್ದಿತು, ಮತ್ತೆ ನಿಂತಿತು. ನಕ್ಷೆಗಳೆಲ್ಲ ಕೊಟ್ಟು ಮುಗಿದ ಮೇಲೆ ಹಾಗೆ ಎರಡು ವರ್ಷ ಒಂಬತ್ತು ತಿಂಗಳು ಹೋದವು. ದಾವಣಗೆರೆಯವರು ದಿನ ಬಿಟ್ಟು ದಿನ ಫೋನು ಮಾಡತೊಡಗಿದರು. ನನ್ನ ಸಂಬಳ ನಾಲ್ಕು ತಿಂಗಳಿಂದ ನಿಂತಿತ್ತು.

ನಾನೇ ಹಟ ಹಿಡಿದು ಸಾರನ್ನು ಒಬ್ಬ ವಕೀಲರ ಬಳಿಗೆ ಕರೆದುಕೊಂಡು ಹೋದೆ. ಸಾರ್ ವಾರಿಗೆಯವರು, ಅವರ ಮನೆಯ ನಕ್ಷೆಯನ್ನೂ ನಾವೇ ಬರೆದಿದ್ದೆವು. ಪತ್ರ ಓದಿ ಅವರು ಮೊದಲು ಕೇಳಿದ್ದು ಒಂದೇ ಪ್ರಶ್ನೆ.

"ನಿಮ್ಮ ಕೆಲಸ ಮುಗಿದದ್ದು ಯಾವಾಗ?"

"ಕಟ್ಟಡ ಇನ್ನೂ ಮುಗಿದಿಲ್ಲವಲ್ಲ" ಎಂದರು ಸಾರ್.

"ಕಟ್ಟಡದ ಮಾತು ಬಿಡ್ರಿ. ಗಾರೆ ಕೆಲಸದೋರದು ಇನ್ನೂ ನಡೀತಾ ಐತೆ, ಅವರ ಲೆಕ್ಕ ಬ್ಯಾರೆ. ನಿಮ್ಮದು ನಕ್ಷೆ. ಕೊನೇ ಹಾಳೆ ಕೊಟ್ಟ ದಿನ ನಿಮ್ಮ ಕೆಲಸ ಮುಗೀತು. ಅವತ್ತಿಂದ ಮೂರು ವರ್ಷ. ಅಷ್ಟರೊಳಗೆ ದಾವೆ ಹಾಕಬೇಕು. ಇಲ್ಲಾ, 'ಇಂತಿಷ್ಟು ಕೊಡಬೇಕು' ಅಂತ ಆತನ ಕೈಲಿ ಬರೆಸಿ ಸಹಿ ಹಾಕಿಸ್ಕಂಡು ಬರ್ರಿ, ಆ ದಿನದಿಂದ ಮತ್ತೆ ಹೊಸದಾಗಿ ಮೂರು ವರ್ಷ. ಬಾಯಿ ಮಾತಿಗೆ ಬೆಲೆ ಇಲ್ಲ. ಮೂರು ವರ್ಷ ದಾಟಿದ್ರೆ ಬಾಕಿ ಬಾಕಿಯಾಗೇ ಇರ್ತೈತೆ, ಕೋರ್ಟು ಮಾತ್ರ ಕೊಡಿಸೋದಿಲ್ಲ."

ಸಾರ್ ನನ್ನ ಮುಖ ನೋಡಿದರು. ನಾನು ತಡೆಯದೆ, "ಏಪ್ರಿಲ್ ಎರಡನೇ ವಾರ ಸಾರ್" ಅಂದೆ. ಆ ದಿನ ನನಗೆ ಚೆನ್ನಾಗಿ ನೆನಪಿತ್ತು. ಮಗಳಿಗೆ ಜ್ವರ ನೆತ್ತಿಗೇರಿ ಫಿಟ್ಸ್ ಬಂದದ್ದು ಅದೇ ದಿನ.

"ಹಂಗಾರೆ ಬರೋ ಏಪ್ರಿಲ್‌ವರೆಗೆ ಟೈಮ್ ಐತೆ. ಮೂರು ತಿಂಗಳು. ಮೊದಲು ಬರೆಸೋಕೆ ನೋಡ್ರಿ" ಅಂದರು ವಕೀಲರು.

ಸಾರ್ ಮರುದಿನವೇ ಹೊಸದುರ್ಗಕ್ಕೆ ಹೋದರು. ಸಂಜೆ ಬಂದಾಗ ಅವರ ಕೈಯಲ್ಲಿ ನಾಲ್ಕು ಎಳನೀರು ಇದ್ದವು. ಕಾಗದ ಇರಲಿಲ್ಲ. 'ನಮ್ಮಿಬ್ಬರ ನಡುವೆ ಕಾಗದ ಯಾಕೆ ಸಾರ್, ನಂಬಿಕೆ ಇಲ್ವಾ?' ಎಂದು ಆತ ಕೇಳಿದರಂತೆ. ಊಟ ಹಾಕಿ, ಎಳನೀರು ಕೊಟ್ಟು, ಬಸ್‌ಸ್ಟ್ಯಾಂಡಿಗೆ ಕಾರಿನಲ್ಲಿ ಬಿಡಿಸಿದರಂತೆ. "ಮನೇಲಿ ಉಂಡು ಎದ್ದು ಸಹಿ ಹಾಕು ಅಂತ ಹೆಂಗೆ ಹೇಳ್ಲವ್ವ?" ಅಂದರು. ಎರಡು ಎಳನೀರು ನನಗೆ ಕೊಟ್ಟರು. ನಾನು ಬೇಡ ಅಂದೆ.

ಇನ್ನು ದಾವೆಯೊಂದೇ ದಾರಿ. ಮಾರ್ಚಿನಲ್ಲಿ ನಾನೇ ಕೂತು ಎಲ್ಲಾ ಕಾಗದ ಜೋಡಿಸಿದೆ. ಒಪ್ಪಂದದ ಪತ್ರ, ಬಿಲ್ಲುಗಳ ನಕಲು, ಹಾಳೆಗಳ ರಿಜಿಸ್ಟರು, ಎಲ್ಲವನ್ನೂ ಒಂದು ಬಟ್ಟೆಚೀಲಕ್ಕೆ ಹಾಕಿ ಸಾರ್ ಕೈಗೆ ಕೊಟ್ಟೆ. ರಿಜಿಸ್ಟರನ್ನು ತೆರೆದು ನೋಡಲಿಲ್ಲ. ನಾನೇ ಬರೆದದ್ದು, ಅದರಲ್ಲೇನು ನೋಡುವುದು? ಹನ್ನೊಂದು ಗಂಟೆಗೆ ವಕೀಲರ ಬಳಿಗೆ ಹೋದವರು ಮೂರು ಗಂಟೆಗೆ ಬಂದರು. ಚೀಲವನ್ನು ಬೀರುವಿನೊಳಗಿಟ್ಟು ಬೀಗ ಹಾಕಿದರು. ನೀರು ಕುಡಿದರು.

"ಬ್ಯಾಡ ಬಿಡವ್ವ" ಅಂದರು.

"ಏನು ಬ್ಯಾಡ ಸಾರ್?"

"ದಾವೆ. ಕೋರ್ಟು ಕಚೇರಿ ಅಂತ ಓಡಾಡೋದು ನನ್ನ ಕೈಲಾಗಲ್ಲ."

"ನಾನು ಓಡಾಡ್ತೀನಿ ಸಾರ್."

"ಬ್ಯಾಡ ಅಂದ್ನಲ್ಲ!" ದನಿ ಏರಿತು. ಆಮೇಲೆ ತಾವೇ ತಗ್ಗಿಸಿಕೊಂಡು, "ಆ ಹಿರಿಯೂರಿನ ಮನೆ ಹಾಳೆ ತೆಗಿ, ಕಿಟಕಿ ನೋಡಾಣ" ಅಂದರು.

ಮುಂದಿನ ದಿನಗಳಲ್ಲಿ ಎಷ್ಟು ಸಲ ಕೇಳಿದೆನೋ. ಗದರಿದೆ, ಬೇಡಿಕೊಂಡೆ, ದಿನ ಎಣಿಸಿ ಹೇಳಿದೆ. ಇನ್ನು ಇಪ್ಪತ್ತು ದಿನ ಸಾರ್. ಇನ್ನು ಹನ್ನೆರಡು ದಿನ ಸಾರ್. ಅವರು ಲವಂಗ ಅಗಿಯುತ್ತಾ ಕೂತಿರುತ್ತಿದ್ದರು. ಏಪ್ರಿಲ್ ಮೊದಲ ವಾರ ಒಂದು ದಿನ ಆಫೀಸಿಗೆ ಬಾರದೆ ಮರುದಿನ ಬಂದರು. ನನ್ನ ಮೇಜಿನ ಮೇಲೆ ಬಾಕಿಯಿದ್ದ ಏಳು ತಿಂಗಳದ್ದಲ್ಲ, ಎಂಟು ತಿಂಗಳ ಸಂಬಳದ ಲಕೋಟೆ ಇಟ್ಟರು. ದಾವಣಗೆರೆಯವರಿಗೂ ಪೂರ್ತಿ ಕೊಟ್ಟು ಬಂದಿದ್ದರು. ಎಲ್ಲಿಂದ ತಂದರೆಂದು ಕೆಳಗಿನ ಕಬ್ಬಿಣದಂಗಡಿಯವರು ಹೇಳಿದರು. ಊರಾಚೆಯ ಬಡಾವಣೆಯಲ್ಲಿ ಸ್ವಂತ ಮನೆಗೆಂದು ಹೆಂಡತಿಯ ಹೆಸರಿನಲ್ಲಿ ಇಟ್ಟುಕೊಂಡಿದ್ದ ಸೈಟು ಮಾರಿದ್ದರು. ಆ ಮನೆಯ ನಕ್ಷೆಯನ್ನು ನನ್ನ ಕೈಯಲ್ಲೇ ಬರೆಸಿದ್ದರು. ಅವರ ಹೆಂಡತಿಗೆ ಮಂಡಿನೋವು, ಅದಕ್ಕೇ ಒಂದು ಮೆಟ್ಟಿಲೂ ಇಲ್ಲದ ಮನೆ.

ಆ ಲಕೋಟೆ ಕಂಡು ನನಗೆ ಕೃತಜ್ಞತೆ ಬರಬೇಕಿತ್ತು. ಬಂದದ್ದು ಸಿಟ್ಟು. ಕೊಡಬೇಕಾದ ಆ ಮನುಷ್ಯ ಹೊಸದುರ್ಗದಲ್ಲಿ ಹಾಯಾಗಿದ್ದಾನೆ, ಕೇಳಲು ಹೆದರಿದ ಇವರು ಹೆಂಡತಿಯ ಸೈಟು ಮಾರಿ ಬಂದಿದ್ದಾರೆ. ನನ್ನ ಎಣಿಕೆಯ ಕೊನೆಯ ದಿನ ಕಳೆದ ಮರುದಿನ ಬೆಳಿಗ್ಗೆ ಅವರ ಮೇಜಿನ ಮುಂದೆ ನಿಂತು ಅಂದೆ:

"ನಿಮಗೆ ಧೈರ್ಯ ಇಲ್ಲ ಸಾರ್. ಅದಕ್ಕೆ ಒಳ್ಳೆತನ ಅಂತ ಹೆಸರು ಇಟ್ಕಂಡಿದ್ದೀರಿ. ನಿಮ್ಮ ಒಳ್ಳೆತನಕ್ಕೆ ಮನೇಲಿ ಅಮ್ಮಾವ್ರು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಕಳ್ಳಬೇಕಾ? ನಾನು ಈ ತಿಂಗಳಿಗೆ ಬಿಡ್ತೀನಿ."

ಹನ್ನೊಂದು ವರ್ಷ ಅನ್ನ ಕೊಟ್ಟವರಿಗೆ ಹಾಗಂದೆ. ಪೆನ್ಸಿಲು ಹೆರೆಯುತ್ತಿದ್ದವರು ಕೈ ನಿಲ್ಲಿಸಿದರು. "ಸರಿ ಕಣವ್ವ" ಅಂದರು, ಅಷ್ಟೇ.

ತಿಂಗಳ ಕೊನೆಗೆ ಹೊರಟೆ. ಒಬ್ಬ ಬಿಲ್ಡರ ಆಫೀಸಿನಲ್ಲಿ ಕೆಲಸ ಸಿಕ್ಕಿತು, ಸಂಬಳ ಒಂದೂವರೆ ಪಟ್ಟು. ಅಷ್ಟು ಬೇಗ ಹೇಗೆ ಸಿಕ್ಕಿತೆಂದು ಆಗ ಯೋಚಿಸಲಿಲ್ಲ. ನನ್ನ ಬಗ್ಗೆ ಆ ಬಿಲ್ಡರಿಗೆ ಸಾರ್ ತಾವಾಗಿ ಫೋನು ಮಾಡಿ ಅರ್ಧ ಗಂಟೆ ಮಾತಾಡಿದ್ದರೆಂದು ಗೊತ್ತಾದದ್ದು ಒಂದು ವರ್ಷದ ಮೇಲೆ. ಗೊತ್ತಾದಾಗಲೂ ಹೋಗಿ ನೋಡಲಿಲ್ಲ. ಕೆಲವರ ಮೇಲಿನ ಸಿಟ್ಟನ್ನು ನಾವು ಆಸ್ತಿಯ ಹಾಗೆ ಕಾಪಾಡಿಕೊಳ್ಳುತ್ತೇವೆ.

ಮಂಟಪ ಕೊನೆಗೂ ಮುಗಿಯಿತು. ಉದ್ಘಾಟನೆಯ ಕಲ್ಲಿನ ಮೇಲೆ ಇಂಜಿನಿಯರೆಂದು ಬೇರೆ ಯಾರದೋ ಹೆಸರು ಕೆತ್ತಿಸಿದ್ದರು. ನಮ್ಮ ನಾದಿನಿಯ ಮಗನ ಮದುವೆ ಅಲ್ಲೇ ಆಯಿತು. ಮೇ ತಿಂಗಳ ಮಟಮಟ ಮಧ್ಯಾಹ್ನ, ಊಟದ ಹಾಲಿನಲ್ಲಿ ಎಂಟುನೂರು ಜನ. ಪಂತಿಯಲ್ಲಿ ನನ್ನ ಪಕ್ಕ ಕೂತ ಒಬ್ಬಾಕೆ, "ಎಷ್ಟು ತಣ್ಣಗೈತೆ ನೋಡ್ರಿ, ಫ್ಯಾನೇ ಹಾಕಿಲ್ಲ" ಅಂದಳು. ಅಂದೇ ಚಿತ್ರದುರ್ಗಕ್ಕೆ ಹೋಗಿ ಈ ಮಾತನ್ನು ಅವರಿಗೆ ಹೇಳಿಬಿಡಬೇಕು ಅನ್ನಿಸಿತು. ಹೋಗಲಿಲ್ಲ.

ಕೆಲಸ ಬಿಟ್ಟ ಮೇಲಿನ ಆರು ವರ್ಷಗಳಲ್ಲಿ ಅವರನ್ನು ಒಮ್ಮೆ ಮಾತ್ರ ಎದುರುಬದುರಾಗಿ ಕಂಡೆ, ಹೊಳಲ್ಕೆರೆ ಬಸ್‌ಸ್ಟ್ಯಾಂಡಿನಲ್ಲಿ. ಆಫೀಸು ಮುಚ್ಚಿ ಮನೆಯಲ್ಲೇ ಸಣ್ಣಪುಟ್ಟ ನಕ್ಷೆ ಬರೆಯುತ್ತಿದ್ದರು. ಕಂಪ್ಯೂಟರು ಬಾರದು, ಕೈಯಲ್ಲೇ. ಸುತ್ತಿದ ಹಾಳೆಗಳನ್ನು ಕಂಕುಳಲ್ಲಿ ಹಿಡಿದಿದ್ದರು. ಬಹಳ ತೆಳ್ಳಗಾಗಿದ್ದರು.

"ಮಗಳು ಹೆಂಗವಳೆ?"

"ಚೆನ್ನಾಗವಳೆ ಸಾರ್."

"ಮತ್ತೆ ಜ್ವರ ಗಿರ ಬರ್ಲಿಲ್ವಲ್ಲ?"

ಎಂದೋ ಬಂದ ಜ್ವರವನ್ನು ಈಗೇಕೆ ಕೇಳುತ್ತಾರೆ ಅಂದುಕೊಂಡೆ. "ಇಲ್ಲ ಸಾರ್" ಅಂದೆ. ತಾಳ್ಯದ ಬಸ್ಸು ಬಂತು. "ಹೋಗವ್ವ, ತಪ್ಪತೈತೆ" ಅಂದರು. ಹತ್ತಿದೆ. ಅದೇ ಕೊನೆ.

ಸುದ್ದಿ ಬಂದಾಗ ನಾನು ಮೇಜಿನ ಮೇಲೆ ಯಾವುದೋ ಲೇಔಟಿನ ಹಾಳೆ ಹರಡಿಕೊಂಡಿದ್ದೆ. ಬೆಳಿಗ್ಗೆ ಸ್ನಾನಕ್ಕೆ ಹೋದವರು ಅಲ್ಲೇ ಕುಸಿದಿದ್ದರು. ಮಣ್ಣಿಗೆ ಹೋಗಲು ಆಗಲಿಲ್ಲ, ಹನ್ನೊಂದನೇ ದಿನದ ಕಾರ್ಯಕ್ಕೆ ಹೋದೆ. ಬಾಡಿಗೆ ಮನೆಯ ಮುಂದೆ ಶಾಮಿಯಾನ. ವಕೀಲರೂ ಬಂದಿದ್ದರು, ಕುರ್ಚಿ ಎಳೆದು ನನ್ನ ಪಕ್ಕ ಕೂತರು. ಅದೂ ಇದೂ ಮಾತಾಡುತ್ತಾ ನನ್ನ ಬಾಯಿಂದ ಬಂದುಬಿಟ್ಟಿತು:

"ಅವತ್ತು ಧೈರ್ಯ ಮಾಡಿ ದಾವೆ ಹಾಕಿದ್ರೆ ಇಷ್ಟೊತ್ತಿಗೆ ಸ್ವಂತ ಮನೇಲಿ ಇರ್ತಿದ್ರು."

ವಕೀಲರು ನನ್ನನ್ನು ವಿಚಿತ್ರವಾಗಿ ನೋಡಿದರು. "ಹಾಕೋಕೆ ಏನಿತ್ತಮ್ಮ? ಗಡುವು ಆಗಲೇ ಏಳು ತಿಂಗಳ ಹಿಂದೆ ಮುಗಿದಿತ್ತಲ್ಲ."

"ಇಲ್ಲ ಸಾರ್. ಇನ್ನೂ ಒಂದು ತಿಂಗಳಿತ್ತು. ಕೊನೇ ಹಾಳೆ ಕೊಟ್ಟದ್ದು ಏಪ್ರಿಲ್‌ನಲ್ಲಿ."

"ನಿಮ್ಮ ರಿಜಿಸ್ಟರಿನಲ್ಲಿ ಇಲ್ಲ" ಅಂದರು ಅವರು ಮೆಲ್ಲಗೆ. "ಅದರಲ್ಲಿ ಕೊನೇ ಸಾಲು ಆ ಏಪ್ರಿಲ್‌ಗೂ ಹಿಂದಿನ ಆಗಸ್ಟಿಂದು. ನಿಮಗೆ ಅವರು ಹೇಳಲಿಲ್ವಾ?"

ಶಾಮಿಯಾನದೊಳಗಿನ ಗದ್ದಲವೆಲ್ಲ ನನಗೆ ದೂರವಾಯಿತು.

ಮಗಳಿಗೆ ಫಿಟ್ಸ್ ಬಂದ ಆ ಏಪ್ರಿಲ್ ದಿನ ಹೀಗಿತ್ತು. ಅಡುಗೆಮನೆಯ ಹಿಂಬದಿ ಮೆಟ್ಟಿಲನ್ನು ಬೇರೆ ಕಡೆಗೆ ಸರಿಸಬೇಕೆಂದು ವ್ಯಾಪಾರಿ ಫೋನಿನಲ್ಲಿ ಹೇಳಿದ್ದರು. ಬದಲಾಯಿಸಿ ಬರೆದ ಹಾಳೆ ಒಯ್ಯಲು ಅವರ ಕಾರಿನ ಡ್ರೈವರು ನಾಲ್ಕೂವರೆಗೆ ಬಂದ. ಅದೇ ಹೊತ್ತಿಗೆ ಮನೆಯಿಂದ ಫೋನು, ಮಗುವಿನ ಕಣ್ಣು ಮೇಲಾಗಿವೆ, ಹೊಳಲ್ಕೆರೆ ಆಸ್ಪತ್ರೆಗೆ ಒಯ್ಯುತ್ತಿದ್ದೇವೆ ಎಂದು. ಸಾರ್ ನನ್ನ ಕೈಚೀಲ ತಂದುಕೊಟ್ಟು, ತಮ್ಮ ಜೇಬಿನಲ್ಲಿದ್ದ ದುಡ್ಡನ್ನೆಲ್ಲ ಅದರೊಳಗೆ ತುರುಕಿ, "ಓಡವ್ವ ಓಡು" ಅಂದರು. ಮೆಟ್ಟಿಲು ಇಳಿಯುತ್ತಾ ಹಾಳೆಯನ್ನು ಡ್ರೈವರನ ಕೈಗೆ ಕೊಟ್ಟೆ. ರಿಜಿಸ್ಟರಿನಲ್ಲಿ ನಾಳೆ ಬರೆದರಾಯಿತು ಅಂದುಕೊಂಡೆ. ಹತ್ತು ದಿನ ಮಗಳ ಹಾಸಿಗೆಯ ಪಕ್ಕ ಕೂತಿದ್ದೆ. ತಿರುಗಿ ಬಂದಾಗ ಆ ಒಂದು ಸಾಲು ಮನಸ್ಸಿನಲ್ಲೇ ಇರಲಿಲ್ಲ.

"ಕಂಪ್ಯೂಟರಿನಲ್ಲಿ ಇತ್ತಲ್ಲ ಸಾರ್" ಅಂದೆ.

"ಅದರಲ್ಲಿರೋದು ನೀವು ಬರೆದ ದಿನ, ಕೊಟ್ಟ ದಿನ ಅಲ್ಲ. ಆ ಹಾಳೆ ನಾವು ಕೇಳೇ ಇಲ್ಲ, ಗಡುವು ಮುಗೀತು ಅಂತ ಆಮೇಲೆ ಹುಟ್ಟಿಸ್ಕಂಡವರೆ ಅಂತಾರೆ ವ್ಯಾಪಾರಿ ಕಡೆಯೋರು. ಡ್ರೈವರು ಅವರ ಮನುಷ್ಯ. ಉಳಿದದ್ದು ನಿಮ್ಮ ಸಾಕ್ಷಿ ಒಂದೇ. ಕಟಕಟೆಗೆ ಹತ್ತಿಸಿದ್ರೆ ಎದುರು ವಕೀಲ ನಿಮ್ಮನ್ನ ಸುಳ್ಳಿ ಅಂತ ಸಾಧಿಸೋಕೆ ನೋಡ್ತಾನೆ. ಇದನ್ನೆಲ್ಲಾ ಅವರಿಗೆ ಹೇಳಿದೆ. ಆ ಪುಟದಲ್ಲಿ ಕೆಳಗೆ ಜಾಗ ಖಾಲಿ ಇತ್ತಮ್ಮ. ನಮ್ಮ ಗುಮಾಸ್ತ ಸುಮ್ಮನಿರದೆ ಪೆನ್ನು ಮುಂದೆ ಹಿಡಿದ, ಒಂದು ಸಾಲು ಬರೆದ್ರೆ ಮುಗೀತು ಅಂತ. ನಾನು ಅವನನ್ನ ಹೊರಗೆ ಕಳಿಸಿದೆ. ಆದ್ರೂ ನಿಜ ಹೇಳ್ತೀನಿ, ನಡೆದಿರೋದೇ ತಾನೆ, ಬರೆದ್ರೆ ಸುಳ್ಳೇನಲ್ಲ ಅಂತ ನನ್ನ ಮನಸ್ಸಿಗೂ ಬಂತು. 'ಆಯಮ್ಮನ್ನ ಒಂದು ಸಲ ಕರೆಸಿ ಕೇಳಾಣ' ಅಂದೆ."

"ಸಾರ್ ಏನಂದ್ರು?"

"'ಕರೆಸಿದ್ರೆ ಅವಳು ಬರೀತಾಳೆ. ಅದಕ್ಕೇ ಕರೆಸಲ್ಲ' ಅಂದ್ರು." ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. "'ಅವತ್ತು ಓಡು ಅಂತ ಅವಳನ್ನ ಓಡಿಸಿದೋನು ನಾನು. ಬರ್ಕಳ್ಳಬೇಕಾಗಿದ್ದೋನು ನಾನು. ಹತ್ತು ದಿನ ಆ ಪುಸ್ತಕ ನನ್ನ ಕಣ್ಣೆದುರೇ ಇತ್ತು' ಅಂದ್ರು. ಚೀಲ ತಗಂಡು ಎದ್ದರು."

ಎಲೆ ಹಾಕಿದ್ದರು. ಊಟಕ್ಕೆ ಏಳಲು ನನ್ನಿಂದ ಆಗಲಿಲ್ಲ.

ಅವರ ಹೆಂಡತಿಯನ್ನು ಅಂದು ಮಾತಾಡಿಸುವ ಧೈರ್ಯ ಬರಲಿಲ್ಲ. ಹದಿನೈದು ದಿನ ಬಿಟ್ಟು ಹೋದೆ. ಮಕ್ಕಳಿಲ್ಲದ ಮನೆ. ಆಕೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. "ಬರ್ರಿ, ಕುಂತ್ಕಳ್ರಿ" ಅಂದರು. ನಾನು ನಿಂತೇ ಹೇಳಿದೆ. ರಿಜಿಸ್ಟರು, ಬರೆಯದ ಸಾಲು, ಅವರಿಗೆ ನಾನಂದ ಮಾತು, ಎಲ್ಲ. ಅಳು ಬಂದು ಮಧ್ಯೆ ಮಧ್ಯೆ ಮಾತು ನಿಂತಿತು. ಆಕೆ ತಡೆಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಮುಗಿದ ಮೇಲೆ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟರು.

"ನಂಗೆ ಗೊತ್ತೈತೆ. ವಕೀಲರ ಹತ್ರ ಹೋಗಿ ಬಂದ ದಿನಾನೇ ಹೇಳಿದ್ರು. ಸೈಟು ಮಾರಬೇಕು ಅಂದಾಗ ನಾನು ಸುಮ್ಕೆ ಸಹಿ ಹಾಕ್ಲಿಲ್ಲ. 'ಅವಳನ್ನ ಕರೆದು ಬಾಯ್ತುಂಬ ಬಯ್ಯಿರಿ, ಆಮೇಲೆ ಹಾಕ್ತೀನಿ' ಅಂದೆ. ಒಂದು ವಾರ ಮಾತು ಬಿಟ್ಟೆ."

"ಬಯ್ಯಬೇಕಿತ್ತು ಅಮ್ಮ. ಒಂದು ಮಾತು ಅಂದಿದ್ರೂ ಸಾಕಿತ್ತು."

"ನೀವು ಬಿಡ್ತೀನಿ ಅಂದ ದಿನ ಮನೆಗೆ ಬಂದು ಉಣ್ಣಲಿಲ್ಲ. ನಂಗೆ ತಡೀಲಿಲ್ಲ. ಈಗ್ಲೇ ಫೋನ್ ಮಾಡಿ ನಿಜ ಹೇಳಿಬಿಡ್ತೀನಿ ಅಂತ ಎದ್ದೆ. ಕೈ ಹಿಡ್ಕಂಡ್ರು. 'ನನ್ನ ಮೇಲೆ ಸಿಟ್ಟು ಮಾಡ್ಕಂಡು ಹೋಗ್ಲಿ ಬಿಡು. ಸಿಟ್ಟಲ್ಲಿ ಹೋದೋಳು ಎಲ್ಲಿ ಹೋದ್ರೂ ಚೆನ್ನಾಗಿ ಕೆಲಸ ಮಾಡ್ತಾಳೆ. ತಪ್ಪು ಹೊತ್ಕಂಡು ಹೋದ್ರೆ ಇನ್ನು ಜೀವಮಾನ ಪೂರ್ತಿ ಗೆರೆ ಎಳೆಯೋಕೆ ಕೈ ನಡುಗ್ತೈತೆ. ಒಳ್ಳೆ ಕೈ ಅದು' ಅಂದ್ರು."

ನಾನು ನೆಲದ ಮೇಲೆ ಕೂತುಬಿಟ್ಟೆ. ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತಾ ಹೋದಳು. ಆಕೆಯೇ ಮಾತು ಮುಂದುವರಿಸಿದರು.

"ಅವರಿಗೆ ನಿಮ್ಮ ಮೇಲೆ ಸಿಟ್ಟಿರಲಿಲ್ಲ. ನಂಗೆ ಇತ್ತು. ಈಗ್ಲೂ ಐತೆ, ಸುಳ್ಳು ಯಾಕೆ ಹೇಳ್ಲಿ. ಹೋಗ್ತೈತೋ ಇಲ್ವೋ ಗೊತ್ತಿಲ್ಲ." ಸೆರಗಿನಲ್ಲಿ ಕೈ ಒರೆಸಿಕೊಂಡು ಎದ್ದರು, ನನ್ನ ಭುಜದ ಆಸರೆ ಹಿಡಿದೇ ಎದ್ದರು. "ಆದ್ರೂ ಆಗಾಗ ಬರ್ತಾ ಇರ್ರಿ. ನಾನು ಅವರನ್ನ ಮನೇಲಿ ನೋಡಿದೋಳು. ಆಫೀಸಲ್ಲಿ ಹೆಂಗಿದ್ರು ಅಂತ ಹೇಳೋಕೆ ನಂಗೆ ಬ್ಯಾರೆ ಯಾರವ್ರೆ?"

ಅಂದು ಸಂಜೆಯವರೆಗೆ ಕೂತು ಹೇಳಿದೆ. ಹೊಸದುರ್ಗದ ಆ ಮಂಟಪದಲ್ಲಿ ಮೇ ತಿಂಗಳ ನಡುಮಧ್ಯಾಹ್ನ ಎಂಟುನೂರು ಜನ ಬೆವರದೆ ಉಂಡದ್ದನ್ನೂ ಹೇಳಿದೆ. ಆಕೆ ಆ ಕಟ್ಟಡವನ್ನು ನೋಡಿಯೇ ಇರಲಿಲ್ಲ. "ಒಂದಿನ ಕರ್ಕಂಡು ಹೋಗ್ತೀರಾ?" ಎಂದು ಕೇಳಿದರು. ಹೋದ ವಾರ ಇಬ್ಬರೂ ಬಸ್ಸಿನಲ್ಲಿ ಹೋಗಿ ಬಂದೆವು.